ಅರ್ಧ ದಿವಸದ ದೇಶಾಟನೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಎಷ್ಟು ಹೊತ್ತಿನಲ್ಲಿ ಸುತ್ತಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಕಾಶಿಗೆ ಹೊರಟವನು ತಿರುಗಿ ಬಂದಾನೆಂಬ ಭರವಸೆಯೇ ಇಲ್ಲದ ಕಾಲದಲ್ಲಿ ಗಂಟೆಯ ಲೆಕ್ಕ ಯಾರಿಗೆ ಬೇಕಿತ್ತು? ಈಗ ಬೇಕಾಗಿದೆ. ಬ್ಯಾಂಕಾಕಿನಲ್ಲಿ ಬೆಳಗಿನ ತಿಂಡಿ ಮುಗಿಸಿ ವ್ಯಾನು ಹತ್ತಿದರೆ, ಊಟದ ಹೊತ್ತಿಗೆ ಐದೂವರೆ ಟನ್ನಿನ ಬಂಗಾರದ ಬುದ್ಧನನ್ನೂ, 46 ಮೀಟರು ಉದ್ದಕ್ಕೆ ಮಲಗಿರುವ ಇನ್ನೊಬ್ಬ ಬುದ್ಧನನ್ನೂ ತೋರಿಸಿ, ಮತ್ತೆ ಹೋಟೆಲಿನ ಬಾಗಿಲಿಗೆ ತಂದು ಇಳಿಸುತ್ತಾರಂತೆ. ಬಂಗಾರದ ಬುದ್ಧ ಬಹುಕಾಲ ಗಾರೆಯ ಹೊದಿಕೆಯೊಳಗಿದ್ದು, 1955ರಲ್ಲಿ ಆ ಗಾರೆ ಒಡೆದಾಗ ಒಳಗಿನ ಹೊನ್ನು ಹೊರಕ್ಕೆ ಕಂಡಿತೆಂಬ ಕಥೆಯನ್ನೂ ಆ ಅರ್ಧ ದಿವಸದಲ್ಲೇ ಹೇಳಿ ಮುಗಿಸುತ್ತಾರೆ. ಇಷ್ಟನ್ನೂ ನನಗೆ ವರ್ಣಿಸಿದವನು ನನ್ನ ಸೋದರಮಾವನ ಮೊಮ್ಮಗ. ಕಂಪೆನಿಯ ಕೆಲಸಕ್ಕೆಂದು ಬ್ಯಾಂಕಾಕಿಗೆ ಹೋದವನು, ವಿಮಾನಕ್ಕೆ ಮುಂಚೆ ಉಳಿದ ಒಂದು ಹಗಲಿನ ಮೊದಲರ್ಧದಲ್ಲಿ ಆ ಊರನ್ನು ನೋಡಿಬಿಟ್ಟಿದ್ದ.

ಇದೇ ಹುಡುಗ ಈ ಸಲ ಮದುವೆಯೊಂದಕ್ಕೆ ಅಜ್ಜನನ್ನು ಮುಂಬಯಿಯಿಂದ ಉಡುಪಿಗೆ ಕರೆದುಕೊಂಡು ಬಂದಿದ್ದ. ಹೊರಡುವ ದಿನ ಮಧ್ಯಾಹ್ನದ ರೈಲಿಗೆ ಇನ್ನೂ ವೇಳೆಯಿತ್ತು. ಹುಡುಗ ಫೋನಿನಲ್ಲಿ ಎರಡು ಬಾರಿ ಬೆರಳಾಡಿಸಿ, ‘ಉಡುಪಿ, ಮಣಿಪಾಲ, ಕಾಪು, ಕಾರ್ಕಳ – ಅರ್ಧ ದಿವಸ, ಮಾರ್ಗದರ್ಶಿ ಸಹಿತ’ ಎಂಬ ಪ್ರವಾಸಕ್ಕೆ ಮೂರು ಜಾಗ ಕಾದಿರಿಸಿದ. ಮೂರನೆಯ ಜಾಗ ನನ್ನದು. ಮಾವನ ಮಂಡಿಗೆ ಒಂದು ಹೆಗಲು ಬೇಕಾಗಿತ್ತು.

ನಾನು ಉಡುಪಿಯಲ್ಲಿ ಕನ್ನಡ ಪಾಠ ಹೇಳಲು ತೊಡಗಿ 18 ವರ್ಷವಾಯಿತು. ಇಲ್ಲಿರುವ ಯಾವ ಮನುಷ್ಯನೂ ದುಡ್ಡು ಕೊಟ್ಟು ಮಾರ್ಗದರ್ಶಿಯ ಹಿಂದೆ ಉಡುಪಿಯನ್ನು ನೋಡುವುದಿಲ್ಲ. ಇಂಥ ಪ್ರವಾಸಗಳ ಬಗ್ಗೆ ಓದಿದವರಲ್ಲಿ ಒಂದು ತಾತ್ಸಾರವೂ ಉಂಟು: ಓಡುವ ವ್ಯಾನಿನಿಂದ ನೋಡಿದ್ದು ನೋಡಿದಂತಾದೀತೆ, ಊರಿನ ಆತ್ಮ ಕೈಗೆ ಸಿಕ್ಕೀತೆ, ಇತ್ಯಾದಿ. ಇದೇ ಮಾತನ್ನು ನಾನು ಹಿಂದಿನ ಸಂಜೆ ಸ್ವಲ್ಪ ಮೃದುವಾಗಿ ಆಡಿದಾಗ ಮಾವ ಹೇಳಿದರು: “ಆತ್ಮ ನೀನು ನೋಡಿಕೋ ಮಾರಾಯ. ನನಗೆ ಕಾರ್ಕಳದ ಗೊಮ್ಮಟ ನೋಡಬೇಕು. ನಾನು ನೋಡಲಿಲ್ಲ.”

ಮಾವನಿಗೆ ಈಗ 78. ಹುಟ್ಟಿದ ಮನೆ ಬೆಳ್ಮಣ್ಣಿನ ಬದಿಯಲ್ಲಿ, ಕಾರ್ಕಳದ ಬೆಟ್ಟಕ್ಕೆ ಇಪ್ಪತ್ತು ಕಿಲೋಮೀಟರಿನೊಳಗೆ. ಆ ಮನೆಯಿಂದ 12 ವರ್ಷದ ಹುಡುಗ 1959ರಲ್ಲಿ, ದೂರದ ನೆಂಟರೊಬ್ಬರ ಕೈಹಿಡಿದು ಹೊರಟ. ಬಸ್ಸಿನಲ್ಲಿ ಆಗುಂಬೆ ಘಟ್ಟ ಹತ್ತಿ ಶಿವಮೊಗ್ಗ, ಅಲ್ಲಿಂದ ರೈಲು, ಕೊನೆಗೆ ಮಾಟುಂಗದ ಒಂದು ಹೋಟೆಲಿನ ಹಿಂಬಾಗಿಲು. ಲೋಟ ತೊಳೆದ, ಮೇಜು ಒರೆಸಿದ, ಮಾಣಿಯಾದ. ಕಾಲಕ್ರಮದಲ್ಲಿ ಗಲ್ಲಾದ ಮೇಲೆ ಕೂತ. ವರ್ಷಕ್ಕೋ ಎರಡು ವರ್ಷಕ್ಕೋ ಊರಿಗೆ ಬಂದದ್ದುಂಟು. ಬಂದಾಗಲೆಲ್ಲ ಒಂದು ಮದುವೆ ಇರುತ್ತಿತ್ತು, ಇಲ್ಲವೇ ಒಂದು ಸಾವು. ಮದುವೆಗೆ ಚಪ್ಪರ ಹಾಕಿಸಬೇಕು, ಸಾವಿಗೆ ಹದಿಮೂರು ದಿನ ಕೂರಬೇಕು. ಗೊಮ್ಮಟ ಎಲ್ಲಿಗೂ ಓಡಿಹೋಗುವವನಲ್ಲವಲ್ಲ, ಮುಂದಿನ ಸಲ ನೋಡಿದರಾಯಿತು. ಹೀಗೆ 66 ವರ್ಷ ಕಳೆಯಿತು. ಅವರ ತಂಗಿ, ಅಂದರೆ ನನ್ನ ತಾಯಿ, ಅವರ ಮದುವೆ ನಡೆದದ್ದು ಮಾಟುಂಗದ ಮನಿಯಾರ್ಡರುಗಳಿಂದ. ನಾನು ಕನ್ನಡ ಎಂ.ಎ. ಓದಿದ್ದೂ ಅದೇ ಗಲ್ಲಾದ ಕಾಸಿನಿಂದ. ಇದನ್ನು ಇಲ್ಲಿ ಹೇಳದಿದ್ದರೆ ಮುಂದಿನ ಮಾತು ತಿಳಿಯುವುದಿಲ್ಲ, ಅದಕ್ಕಾಗಿ ಹೇಳಿದೆ.

ಬೆಳಗ್ಗೆ ಆರೂವರೆಗೆ ವ್ಯಾನು ಬಂತು. ಪುಣೆಯ ಒಂದು ದಂಪತಿ, ಮಣಿಪಾಲದಲ್ಲಿ ಮಗನನ್ನು ಓದಲು ಬಿಟ್ಟು ಬಂದ ಉತ್ತರದ ಕಡೆಯ ಗಂಡಹೆಂಡಿರು, ನಾವು ಮೂವರು. ಮಾರ್ಗದರ್ಶಿ ಮೂವತ್ತರೊಳಗಿನ ಹುಡುಗ. ತುಳು, ಕನ್ನಡ, ಹಿಂದಿ, ಇಂಗ್ಲಿಷು ನಾಲ್ಕನ್ನೂ ಒಂದೇ ವೇಗದಲ್ಲಿ ಮಾತನಾಡಬಲ್ಲ. ಮೊದಲ ಕಾಲುಗಂಟೆಯಲ್ಲೇ ಅವನ ಶಾಸ್ತ್ರ ನನಗೆ ಅರ್ಥವಾಯಿತು. ಪ್ರತಿ ಸ್ಥಳಕ್ಕೂ ಮೂರು ಸಂಗತಿ: ಒಂದು ಇಸವಿ, ಒಂದು ಅಳತೆ, ಒಂದು ಪವಾಡ. ಮೂರೂ ಮುಗಿದೊಡನೆ ಕೈಗಡಿಯಾರ ನೋಡುತ್ತಾನೆ. ನಾನು ಅವನನ್ನು ಸಹೋದ್ಯೋಗಿಯ ಸಹಾನುಭೂತಿಯಿಂದಲೇ ಕೇಳಿದೆ. ಪಂಪನಿಂದ ರತ್ನಾಕರವರ್ಣಿಯವರೆಗಿನ ಆರು ಶತಮಾನಗಳನ್ನು ಒಂದು ಸೆಮಿಸ್ಟರಿನಲ್ಲಿ ತೋರಿಸಿ, ಮಕ್ಕಳನ್ನು ಪರೀಕ್ಷೆಯ ಬಾಗಿಲಲ್ಲಿ ಇಳಿಸಿ ಬರುವ ಕಸುಬು ನನ್ನದು.

ಶ್ರೀಕೃಷ್ಣ ಮಠಕ್ಕೆ ಮೂವತ್ತೈದು ನಿಮಿಷ. 13ನೆಯ ಶತಮಾನದ ಮಧ್ವಾಚಾರ್ಯರು, ಮಲ್ಪೆಯ ಕಡಲಲ್ಲಿ ಸಿಕ್ಕಿಬಿದ್ದ ಹಡಗು, ಗೋಪೀಚಂದನದ ಗಟ್ಟಿಯೊಳಗಿದ್ದ ಕೃಷ್ಣ, ಪಶ್ಚಿಮಕ್ಕೆ ತಿರುಗಿ ಕನಕದಾಸರಿಗೆ ಕಂಡ ಕಿಂಡಿ, ಎಂಟು ಮಠ, ಎರಡೆರಡು ತಿಂಗಳಿಗೆ ಬದಲಾಗುತ್ತಿದ್ದ ಪರ್ಯಾಯವನ್ನು ಎರಡೆರಡು ವರ್ಷಕ್ಕೆ ಮಾಡಿದ ವಾದಿರಾಜರು – ಎಲ್ಲವೂ ಬಂದವು, ತಪ್ಪಿಲ್ಲದೆ ಬಂದವು. ಮಾವ ಕಿಂಡಿಯ ಮುಂದೆ ಕೈಮುಗಿದು, ಹಿಂದಿನವರು ತಳ್ಳುವ ತನಕ ನಿಂತರು. ಆಮೇಲೆ ಮಧ್ವ ಸರೋವರದ ಬದಿಯ ಕಟ್ಟಿಗೆಯ ರಥದ ಹತ್ತಿರ ಹೋಗಿ ಇನ್ನಷ್ಟು ಹೊತ್ತು ನಿಂತರು. ಪರ್ಯಾಯದ ಅಡಿಗೆಗೆಂದು ಮುಂಚಿತವಾಗಿ ಕೂಡಿಡುವ ಸೌದೆಯನ್ನು ಇಲ್ಲಿ ರಥದ ಆಕಾರಕ್ಕೆ ಜೋಡಿಸಿಡುವುದು ಪದ್ಧತಿ. ಅಕ್ಕಿಗೆ, ಬಾಳೆಗೆ, ಕಟ್ಟಿಗೆಗೆ, ಭತ್ತಕ್ಕೆ ಒಂದೊಂದಕ್ಕೂ ಮುಹೂರ್ತವಿಟ್ಟು ಸಿದ್ಧತೆ ನಡೆಸಿ, ಜನವರಿ 18ರಂದು ಹೊಸ ಸ್ವಾಮಿಗಳು ಪೀಠವೇರುವ ಹೊತ್ತಿಗೆ ಸಾವಿರಾರು ಜನರ ಊಟಕ್ಕೆ ಏನೂ ಕೊರತೆಯಾಗದಂತೆ ನೋಡಿಕೊಳ್ಳುವ ಊರು ಇದು. ಹೋಟೆಲಿನವನ ಕಣ್ಣಿಗೆ ದೇವರಿಗಿಂತ ಸೌದೆ ಹೆಚ್ಚು ಕಂಡಿತೆಂದು ನಾನು ನಕ್ಕರೆ, ಅವರು ನಗಲಿಲ್ಲ. “ಇಷ್ಟು ಸೌದೆ ಒಣಗಿದ್ದು ಸಿಕ್ಕಬೇಕಲ್ಲ” ಎಂದರು.

ರಥಬೀದಿಯಲ್ಲಿ ಮಾರ್ಗದರ್ಶಿ ಪುಣೆಯವರಿಗೆ ಉಡುಪಿಯ ದೋಸೆ ಜಗತ್ಪ್ರಸಿದ್ಧವೆಂದೂ, ಮಠದ ಅಡಿಗೆಯ ಶುಚಿರುಚಿಗಳು ಭಾರತದ ಊರೂರಿಗೆ ಹೇಗೆ ಹಬ್ಬಿದವೆಂದೂ ವಿವರಿಸಿದ. ಹಬ್ಬಿದವೆಂಬ ಕ್ರಿಯಾಪದ ನನಗೆ ಹಿಡಿಸಿತು. ಬಳ್ಳಿಯ ಹಾಗೆ, ತಾನಾಗಿ. ಮಾವ ನನ್ನ ಕಿವಿಯಲ್ಲಿ ತುಳುವಿನಲ್ಲಿ ಹೇಳಿದರು: “ಲೋಟ ತೊಳೆದವನು ಇವನ ವ್ಯಾನಿನಲ್ಲೇ ಇದ್ದಾನೆಂದು ಹೇಳಬೇಡ.”

ಮಣಿಪಾಲಕ್ಕೆ ಐದು ಕಿಲೋಮೀಟರು. ಒಂದು ಕಾಲದಲ್ಲಿ ಬರಿಯ ಬೋಳುಗುಡ್ಡ. ಮಣ್ಣಪಳ್ಳವೆಂಬ ಕೆರೆಯಿಂದ ಊರಿಗೆ ಹೆಸರು. ಡಾಕ್ಟರ್ ಟಿ. ಎಂ. ಎ. ಪೈಗಳು 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ತೆರೆದರು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು, ಉಳಿದದ್ದು ಎಲ್ಲರಿಗೂ ಗೊತ್ತು. ಉತ್ತರದ ದಂಪತಿಗಳು ಮಗನ ಹಾಸ್ಟೆಲು ಯಾವುದೆಂದು ಹುಡುಕುವುದರಲ್ಲಿದ್ದರು. ಮಾವ ಮಾತ್ರ ಇನ್ನೊಂದನ್ನು ಹುಡುಕುತ್ತಿದ್ದರು: “ನಮ್ಮ ಬ್ಯಾಂಕು ಎಲ್ಲಿ?”

ನಮ್ಮ ಬ್ಯಾಂಕು ಎಂದರೆ ಸಿಂಡಿಕೇಟ್ ಬ್ಯಾಂಕು. ಉಡುಪಿಯಲ್ಲಿ 1925ರಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಉದ್ದದ ಹೆಸರಿನಿಂದ ಹುಟ್ಟಿ, 1928ರಲ್ಲಿ ಪಿಗ್ಮಿ ಠೇವಣಿಯೆಂಬ ಉಪಾಯ ಕಂಡುಹಿಡಿಯಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವನ ಬಳಿಗೆ ಬ್ಯಾಂಕೇ ದಿನಾ ನಡೆದುಬಂದು, ಎರಡಾಣೆಯಾದರೂ ಸರಿ, ತೆಗೆದುಕೊಂಡು ಪುಸ್ತಕದಲ್ಲಿ ಬರೆದು ಹೋಗುವ ಉಪಾಯ. ಮಾಟುಂಗದಲ್ಲಿ ಸಂಜೆ ಗಿರಾಕಿಗಳ ಗಲಾಟೆ ಏಳುವುದಕ್ಕೆ ಮುಂಚೆ ಆ ಮನುಷ್ಯ ಬರುತ್ತಿದ್ದನಂತೆ. ಮಾಣಿಗಳೆಲ್ಲ ಒದ್ದೆ ಕೈ ಒರೆಸಿಕೊಂಡು ಸಾಲಾಗಿ ನಿಂತು ಚಿಲ್ಲರೆ ಕೊಡುವುದು. “ನಿನ್ನ ತಾಯಿಯ ಕರಿಮಣಿ ಅದರಲ್ಲೇ ಆದದ್ದು” ಎಂದರು. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಹಲಗೆಗಳೂ ಬದಲಾದವು. ನಾಲ್ಕು ದಾರಿ ಕೂಡುವಲ್ಲಿ ಸಿಂಡಿಕೇಟ್ ಸರ್ಕಲ್ ಎಂಬ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ವ್ಯಾನು ಆ ಸರ್ಕಲನ್ನು ಸುತ್ತುವಾಗ ಮಾವ ಕಿಟಕಿಯಿಂದ ಅದನ್ನು ನೋಡಿ ತೃಪ್ತಿಪಟ್ಟರು. ಮಾರ್ಗದರ್ಶಿಯ ಪಟ್ಟಿಯಲ್ಲಿ ಅದು ಇರಲಿಲ್ಲ. ಅವನ ಪಟ್ಟಿಯಲ್ಲಿದ್ದದ್ದು ಎಂಡ್ ಪಾಯಿಂಟು. ಅಲ್ಲಿ ನಿಂತು ಕೆಳಗೆ ಹರಿಯುವ ಸ್ವರ್ಣಾ ನದಿಯನ್ನು ನೋಡಿ ಚಿತ್ರ ತೆಗೆಸಿಕೊಂಡೆವು.

ತೆಂಕಲಿಗೆ ಹೆದ್ದಾರಿಯಲ್ಲಿ ಕಾಪು. ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ದೀಪಸ್ತಂಭ: 1901ರಲ್ಲಿ ಕಟ್ಟಿದ್ದು, ಎತ್ತರ 27 ಮೀಟರು. ನಾವು ಹೋದ ಹೊತ್ತಿಗೆ ಬಾಗಿಲು ಹಾಕಿತ್ತು. ಬುಡದ ತನಕ ಹತ್ತಿ, ಅಲೆಗಳನ್ನು ನೋಡಿ, ಎಳನೀರು ಕುಡಿದು ಇಳಿದೆವು. ಇಲ್ಲಿ ಪವಾಡವೊಂದರ ಕೊರತೆಯಾಗಿ ಹುಡುಗ ಕಾಪುವಿನ ಮೂರು ಮಾರಿಗುಡಿಗಳ ಮಹಿಮೆಯನ್ನು ಸೇರಿಸಿಕೊಂಡ. ಬಾಲ್ಯದಲ್ಲಿ ಮನೆಯ ಹಿಂದಿನ ಗುಡ್ಡೆಗೆ ರಾತ್ರಿ ದನ ಹುಡುಕಲು ಹೋದಾಗ ಈ ದೀಪ ಪಶ್ಚಿಮದಲ್ಲಿ ಒಂದು ಸಲ ಮಿಂಚಿ, ಎಣಿಸುವಷ್ಟು ಹೊತ್ತು ಕತ್ತಲಾಗಿ, ಮತ್ತೆ ಮಿಂಚುತ್ತಿತ್ತೆಂದು ಮಾವ ಮೊಮ್ಮಗನಿಗೆ ಹೇಳಿದರು. ಆಗ ಅದು ಯಾವುದೋ ದೈವದ ದೀಪವೆಂದು ತಿಳಿದಿದ್ದರಂತೆ. ಬುಡದಲ್ಲಿ ನಿಂತು ನೋಡಿದ್ದು ಇದೇ ಮೊದಲು.

ಕಾಪುವಿನಿಂದ ಪಡುಬಿದ್ರಿ, ಅಲ್ಲಿ ಕಡಲನ್ನು ಬೆನ್ನಿಗೆ ಹಾಕಿ ಮೂಡಲಿಗೆ ತಿರುಗಿದರೆ ಬೆಳ್ಮಣ್ಣು, ನಿಟ್ಟೆ, ಕಾರ್ಕಳ. ಇದು ಪ್ರವಾಸದ ಅತ್ಯಂತ ಉದ್ದವಾದ ಮತ್ತು, ಪಟ್ಟಿಯ ಪ್ರಕಾರ, ಏನೂ ಇಲ್ಲದ ಭಾಗ. ಮಾರ್ಗದರ್ಶಿ ಮುಂದಿನ ಸೀಟಿನಲ್ಲಿ ಕಣ್ಣುಮುಚ್ಚಿಕೊಂಡ. ಅವನಿಗೂ ವಿಶ್ರಾಂತಿ ಬೇಕು; ಮಧ್ಯಾಹ್ನ ಎರಡಕ್ಕೆ ಇದೇ ವ್ಯಾನಿನಲ್ಲಿ ಮತ್ತೊಂದು ತಂಡವನ್ನು ಇದೇ ದಾರಿಯಲ್ಲಿ ಕರೆದೊಯ್ಯಬೇಕು, ಇದೇ ಇಸವಿಗಳನ್ನು ಹೇಳಬೇಕು.

ಮಾವ ನೆಟ್ಟಗೆ ಕೂತರು. ಬೆಳ್ಮಣ್ಣಿನ ಆಚೆ ಒಂದು ಕಡೆ ಮಣ್ಣಿನ ದಾರಿ ಇಳಿಯುತ್ತಿದ್ದಲ್ಲಿ ಈಗ ಕಾಂಕ್ರೀಟು ಹಾಕಿದ್ದಾರೆ. “ಇದೇ” ಎಂದರು. ಮೊಮ್ಮಗ ಎದ್ದು ನೋಡುವುದರೊಳಗೆ ದಾಟಿಹೋಗಿತ್ತು. “ನಿಲ್ಲಿಸಲೇ ಅಜ್ಜ?” ಎಂದು ಕೇಳಿದ. ನಿಲ್ಲಿಸಿ ನೋಡಲು ಅಲ್ಲೇನಿದೆ? ಮನೆ ಮಾರಿ ಎಷ್ಟೋ ಕಾಲವಾಯಿತು. ಗದ್ದೆಯಿದ್ದಲ್ಲಿ ರಬ್ಬರಿನ ತೋಟ. ಮಾವ ಕೈಯಾಡಿಸಿ ಬೇಡವೆಂದರು. ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆಗೆ ತಿರುಗಿ, “ನಂದಳಿಕೆಗೆ ಇಲ್ಲಿಂದಲೇ ಹೋಗುವುದಲ್ಲವೋ?” ಎಂದು ಕೇಳಿದರು.

ಅಲ್ಲಿಂದಲೇ. ಮುಖ್ಯರಸ್ತೆಯಿಂದ ಒಳಗೆ ಸ್ವಲ್ಪ ಹೋದರೆ ಮುದ್ದಣನ ಊರು. ನಂದಳಿಕೆಯ ಲಕ್ಷ್ಮೀನಾರಾಣಪ್ಪ 1870ರಲ್ಲಿ ಅಲ್ಲಿ ಹುಟ್ಟಿದ. ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ಕಸರತ್ತು ಕಲಿಸುವ ಉಪಾಧ್ಯಾಯನಾಗಿ, ಬಡತನದಲ್ಲಿ ‘ರಾಮಾಶ್ವಮೇಧ’ವನ್ನು ಹಳಗನ್ನಡ ಗದ್ಯದಲ್ಲಿ ಬರೆದ. ಬರೆದು, ತನ್ನ ಹೆಸರು ಹಾಕಿಕೊಳ್ಳದೆ, ಯಾರೋ ಹಳೆಯ ಕವಿಯದೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದ. ಕ್ಷಯದಿಂದ 31ನೆಯ ವಯಸ್ಸಿಗೆ ತೀರಿಕೊಂಡ. ಅವನು ತೀರಿಕೊಂಡದ್ದು 1901ರಲ್ಲಿ, ಕಾಪುವಿನ ದೀಪಸ್ತಂಭ ಕಟ್ಟಿದ ವರ್ಷವೇ. ನಾನು ಇಷ್ಟನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಮಾವನಿಗೆ ಇದು ಹೇಗೆ ಗೊತ್ತು?

ರಾತ್ರಿ ಶಾಲೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಹೆಸರನ್ನು ನಾವು ಕೇಳಿದ್ದೇವೆ, ಅದರ ಬೆಂಚಿನ ಮೇಲೆ ಕೂತವರನ್ನು ಕೇಳಿಲ್ಲ. ಹೋಟೆಲಿನಲ್ಲಿ ಕೆಲಸ ಮುಗಿಸಿ, ಸಾಂಬಾರಿನ ವಾಸನೆಯ ಅಂಗಿಯಲ್ಲೇ ಓಡಿಹೋಗಿ ಕೂತರೆ, ಮಾಸ್ತರರು ಮುದ್ದಣ ಮನೋರಮೆಯರ ಸಲ್ಲಾಪದ ಪಾಠ ಓದುತ್ತಿದ್ದರಂತೆ. ಗಂಡ ಕಥೆ ಹೇಳಲು ಕೂರುತ್ತಾನೆ, ಹೆಂಡತಿ ಅವನನ್ನು ಛೇಡಿಸುತ್ತಾಳೆ, ಹೊರಗೆ ಮಳೆಗಾಲ. ಅರ್ಧ ಮಾಣಿಗಳು ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದರು. “ನನಗೆ ಮಾತ್ರ ಆ ಪಾಠದಲ್ಲಿ ನಿದ್ದೆ ಬರುತ್ತಿರಲಿಲ್ಲ. ಮಾಸ್ತರರು ಪುಸ್ತಕದ ಮೇಲಿನ ಟಿಪ್ಪಣಿ ಓದಿದರು – ಕವಿಯ ಊರು ನಂದಳಿಕೆ. ನಾನು ಕೈಯೆತ್ತಿ, ಅದು ನಮ್ಮ ಮನೆಯ ಪಕ್ಕ ಸಾರ್ ಎಂದೆ. ಯಾರೂ ನಂಬಲಿಲ್ಲ. ಕವಿಗಳು ನಮ್ಮ ಮನೆಯ ಪಕ್ಕ ಇರುವುದುಂಟೇ!” ಹೀಗೆಂದು ಮಾವ ಗಟ್ಟಿಯಾಗಿ ನಕ್ಕರು. ಮಾರ್ಗದರ್ಶಿ ಕಣ್ಣು ತೆರೆದ. ಯಾವ ಕವಿ, ಎಲ್ಲಿ, ಎಂದು ವಿಚಾರಿಸಿ, ಹೊರಗೆ ನೋಡಿದ. ಆಗ ಕಿಟಕಿಯ ಹೊರಗೆ ಇದ್ದದ್ದು ಒಂದು ಪೆಟ್ರೋಲು ಬಂಕು.

ಕಾರ್ಕಳ ತಲುಪಿದಾಗ ಹನ್ನೊಂದೂಕಾಲು. ಗೊಮ್ಮಟನಿಗೆ ಇಪ್ಪತ್ತೈದು ನಿಮಿಷ, ಚತುರ್ಮುಖ ಬಸದಿಗೆ ಇಪ್ಪತ್ತು ಎಂದು ಹುಡುಗ ಸಾರಿದ. ವ್ಯಾನು ಹತ್ತಬಹುದಾದಷ್ಟು ಹತ್ತಿತು. ಉಳಿದ ಮೆಟ್ಟಿಲು ನಮ್ಮ ಪಾಲಿಗೆ. ಬಂಡೆ ಅಷ್ಟು ಹೊತ್ತಿಗೇ ಕಾದಿತ್ತು, ಬರಿಗಾಲು ಬೇರೆ. ಮಾವ ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು, ನನ್ನ ಹೆಗಲ ಮೇಲೆ ಕೈಯ ಭಾರ ಹಾಕಿ ಉಸಿರು ತೆಗೆದುಕೊಂಡರು. ಎರಡು ಸಲ ಮೊಮ್ಮಗ, “ಸಾಕು ಅಜ್ಜ, ಇಲ್ಲಿಂದಲೇ ಕಾಣುತ್ತದೆ” ಎಂದ. ತಲೆ ಕಾಣುತ್ತಿತ್ತು, ನಿಜ. ಗುಂಗುರು ಕೂದಲು, ಭುಜ. ಮಾವ ಉತ್ತರ ಕೊಡಲಿಲ್ಲ. ಹತ್ತುವುದರಲ್ಲೇ ಹದಿನೆಂಟು ನಿಮಿಷ ಹೋಯಿತೆಂದು ನಾನು ಲೆಕ್ಕ ಹಾಕಿದೆ.

ಮೇಲೆ ಮಾರ್ಗದರ್ಶಿ ತನ್ನ ಪಾಠ ಮುಗಿಸಿಯಾಗಿತ್ತು: 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು, 42 ಅಡಿ, ಏಕಶಿಲೆ, ತೂಕ ಸುಮಾರು 80 ಟನ್ನೆಂದು ಅಂದಾಜು, ಬೇರೆ ಕಡೆ ಕಡೆದು ಬಂಡಿಯ ಮೇಲೆ ಬೆಟ್ಟಕ್ಕೆ ಎಳೆಸಿದರೆಂದು ಪ್ರತೀತಿ. ಶ್ರವಣಬೆಳಗೊಳದವನು ಇವನಿಗೆ ನಾಲ್ಕೂವರೆ ಶತಮಾನದ ಅಣ್ಣ, 1604ರ ವೇಣೂರಿನವನು ತಮ್ಮ. ಹನ್ನೆರಡು ವರ್ಷಕ್ಕೊಮ್ಮೆ ನಡೆಯಬೇಕಾದ ಮಸ್ತಕಾಭಿಷೇಕ 2015ರಲ್ಲಿ ನಡೆದಾಗ ಮೊಮ್ಮಗ ಶಾಲೆಯಲ್ಲಿದ್ದ, ಅಜ್ಜ ಗಲ್ಲಾದಲ್ಲಿ.

ಮಾವ ಪಾದದ ಹತ್ತಿರ ಹೋಗಿ ನಿಂತರು. ಅವರ ತಲೆ ಗೊಮ್ಮಟನ ಮೊಣಕಾಲಿಗೂ ಬರಲಿಲ್ಲ. ಕೈಮುಗಿದರೋ ಇಲ್ಲವೋ ನೆನಪಿಲ್ಲ. ಕುತ್ತಿಗೆ ಎತ್ತಿ ನೋಡಿದರು, ಟೋಪಿ ತೆಗೆದರು, ಮತ್ತೆ ನೋಡಿದರು. ಆಮೇಲೆ ಬೆನ್ನು ತಿರುಗಿಸಿ ಸುತ್ತಲಿನ ಸೀಮೆಯನ್ನು ನೋಡತೊಡಗಿದರು. ಮೂಡಲಲ್ಲಿ ಘಟ್ಟದ ಸಾಲು ನೀಲಿಯಾಗಿ ಉದ್ದಕ್ಕೂ ಹರಡಿತ್ತು. ಪಡುವಲಲ್ಲಿ ತೆಂಗಿನ ಹಸಿರು, ಅದರಾಚೆ ಕಡಲಿರಬೇಕಾದಲ್ಲಿ ಬಿಳಿಯ ಮಬ್ಬು. ಆ ಮಬ್ಬಿಗೂ ಈ ಬೆಟ್ಟಕ್ಕೂ ನಡುವೆ ಎಲ್ಲೋ ಆ ಕಾಂಕ್ರೀಟಿನ ದಾರಿ.

“ಇಷ್ಟು ಹತ್ತಿರ ಇತ್ತೋ!” ಎಂದರು.

ಮಾರ್ಗದರ್ಶಿ ಕೈಗಡಿಯಾರ ನೋಡಿದ. ಅವನನ್ನು ದೂರುವಂತಿಲ್ಲ. ಆದರೆ ಪುಣೆಯ ಹೆಂಗಸು ಕಟಾಂಜನದ ನೆರಳಿನಲ್ಲಿ ಕೂತವಳು ಏಳಲಿಲ್ಲ. “ಅಜ್ಜನಿಗೆ ಆಗುವ ತನಕ ಇರೋಣ. ಬಸದಿಯ ವೇಳೆಯಲ್ಲಿ ಕಳೆಯಿರಿ” ಎಂದು ಹಿಂದಿಯಲ್ಲಿ ತೀರ್ಪು ಕೊಟ್ಟಳು. ಮಗನನ್ನು ಮಣಿಪಾಲದಲ್ಲಿ ಬಿಟ್ಟು ಬಂದ ದಂಪತಿಗಳೂ ತಲೆಯಾಡಿಸಿದರು. ಹುಡುಗ ಒಂದು ಗಳಿಗೆ ಯೋಚಿಸಿ, ಮಾವನ ಪಕ್ಕಕ್ಕೆ ಬಂದು ನಿಂತು, ಇಸವಿ ಅಳತೆಗಳನ್ನು ಬಿಟ್ಟು ತುಳುವಿನಲ್ಲಿ ಮಾತನಾಡಿದ – ಯಾವ ಬದಿ ಮನೆ, ಎಷ್ಟು ಮಕ್ಕಳು, ಮಾಟುಂಗದಲ್ಲಿ ಯಾವ ಓಣಿ. ಅವನ ದೊಡ್ಡಪ್ಪನೂ ಮುಂಬಯಿಯ ಹೋಟೆಲಿನಲ್ಲೇ ಸವೆದವರೆಂದು ಆಗ ತಿಳಿಯಿತು. ಅವರಿಬ್ಬರ ಮಾತಿನಲ್ಲಿ ಪವಾಡವೇನೂ ಬರಲಿಲ್ಲ.

ಹೀಗಾಗಿ ಚತುರ್ಮುಖ ಬಸದಿಗೆ ಉಳಿದದ್ದು ಐದು ನಿಮಿಷ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಕಲ್ಲಿನ ಬಸದಿ. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು, ಪ್ರತಿ ಬಾಗಿಲಿಗೂ ಅರ, ಮಲ್ಲಿ, ಮುನಿಸುವ್ರತರೆಂಬ ಮೂವರು ತೀರ್ಥಂಕರರು. ಯಾವ ಕಡೆಯಿಂದ ಬಂದವನಿಗೂ ಎದುರುಗಡೆಯೇ ಸಿಕ್ಕುವಂತೆ ಕಟ್ಟಿದ ಬಸದಿಯಲ್ಲಿ ನಮಗೆ ಸಿಕ್ಕಿದ್ದು ಒಂದು ಬಾಗಿಲು. ಉಳಿದ ಮೂರೂ ಹೀಗೆಯೇ ಇವೆಯೆಂದು ಹುಡುಗ ಭರವಸೆ ಕೊಟ್ಟ. ಅವನ ಮಾತನ್ನು ನಂಬಿ ವ್ಯಾನು ಹತ್ತಿದೆವು. ಹಿರಿಯಂಗಡಿಯ ಮಾನಸ್ತಂಭ, ಆನೆಕೆರೆ, ಅತ್ತೂರಿನ ಇಗರ್ಜಿ ಇವುಗಳ ಹೆಸರು ಮಾತ್ರ ಕಿವಿಗೆ ಬಿದ್ದವು. ಬೆಳಗಿನಿಂದ ಓಡಿದ್ದು ಸುಮಾರು ನೂರು ಕಿಲೋಮೀಟರು. ಮಾವ ಉಡುಪಿಯ ತನಕ ನಿದ್ದೆ ಮಾಡಿದರು.

ಇಂದ್ರಾಳಿಯ ನಿಲ್ದಾಣದಲ್ಲಿ ರೈಲು ಹತ್ತಿಸುವಾಗ ಅವರು ಗೊಮ್ಮಟನ ಮಾತೆತ್ತಲಿಲ್ಲ. ‘ರಾಮಾಶ್ವಮೇಧ’ದ ದಪ್ಪಕ್ಷರದ ಪ್ರತಿ ಸಿಕ್ಕಿದರೆ ಅಂಚೆಯಲ್ಲಿ ಕಳಿಸು ಎಂದರು, ಕಾಸು ತೆಗೆಯಲು ಜೇಬಿಗೆ ಕೈ ಹಾಕಿದರು. ನಾನು ಅವರ ಕೈಹಿಡಿದು ನಿಲ್ಲಿಸಿದೆ. ಆ ಕೈ ಜೇಬಿಗೆ ಹೋಗದಂತೆ ತಡೆದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಮೂರು ವಾರದ ಮೇಲೆ ರಥಬೀದಿಯಲ್ಲಿ ಆ ಮಾರ್ಗದರ್ಶಿ ಎದುರಾದ. ಹೊಸ ತಂಡವೊಂದನ್ನು ಕನಕನ ಕಿಂಡಿಗೆ ಕಳುಹಿಸಿ, ತಾನು ಚಪ್ಪಲಿಗಳನ್ನು ಕಾಯುತ್ತ ನಿಂತಿದ್ದ. ನನ್ನನ್ನು ಗುರುತು ಹಿಡಿದು, ಅಜ್ಜ ಹೇಗಿದ್ದಾರೆಂದು ಕೇಳಿದ. ಆಮೇಲೆ ಫೋನು ತೆಗೆದು, “ಆ ಕವಿಯ ಇಸವಿ ಯಾವುದು ಸಾರ್? ಬೆಳ್ಮಣ್ಣು ದಾಟಿದ ಮೇಲೆ ನಮಗೆ ಹೇಳಲು ಏನೂ ಇಲ್ಲ, ಗಿರಾಕಿಗಳು ನಿದ್ದೆ ಮಾಡುತ್ತಾರೆ” ಎಂದ. 1870, 1901 ಎಂದೆ. ಬರೆದುಕೊಂಡ. “ಮೂವತ್ತೊಂದೇ ವರ್ಷ!” ಎಂದು ತನ್ನ ವಯಸ್ಸನ್ನು ಲೆಕ್ಕ ಹಾಕಿದವನಂತೆ ಒಂದು ಕ್ಷಣ ಸುಮ್ಮನಾದ. “ಪವಾಡ ಏನಾದರೂ ಉಂಟೋ?”

ಪುಸ್ತಕ ಬರೆದು, ತನ್ನದಲ್ಲ ಅಂದ, ಎಂದು ಹೇಳಿದೆ.

ಹುಡುಗ ಅದನ್ನು ಬಾಯೊಳಗೇ ಹಿಂದಿಯಲ್ಲಿ ಒಮ್ಮೆ ಹೇಳಿಕೊಂಡು ನೋಡಿದ. ಸರಿಯಾಗಲಿಲ್ಲವೆಂದು ತೋರುತ್ತದೆ, ಇನ್ನೊಂದು ಬಗೆಯಲ್ಲಿ ಹೇಳಿಕೊಂಡ. ಅಷ್ಟರಲ್ಲಿ ತಂಡದವರು ಹೊರಗೆ ಬಂದು ತಮ್ಮ ತಮ್ಮ ಚಪ್ಪಲಿ ಹುಡುಕತೊಡಗಿದರು.